ಒಣ ಹವೆಯ ಊರಿನಲ್ಲಿ ಹವಳದ ಟ್ಯಾಂಕು: ಬಿಸಿ ಮತ್ತು ಉಪ್ಪಿನ ಲೆಕ್ಕ

ರೀಫ್ ಟ್ಯಾಂಕಿನ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನ ಪಾಠದಲ್ಲಿ ಉಷ್ಣತೆ ಒಂದು ಅಧ್ಯಾಯ, ಲವಣಾಂಶ ಇನ್ನೊಂದು. ಹುಬ್ಬಳ್ಳಿ-ಧಾರವಾಡದಲ್ಲಿ, ಅದಕ್ಕಿಂತ ಹೆಚ್ಚಾಗಿ ಗದಗಿನಲ್ಲಿ, ಎರಡನ್ನೂ ಕೂಡಿಸಿಯೇ ಓದಬೇಕು. ಕಾರಣ ನಮ್ಮ ಬೇಸಿಗೆಯ ಒಣ ಗಾಳಿ.

ಗುರಿ ಇಷ್ಟು: ನೀರು 25–26 ಡಿಗ್ರಿ ಸೆಲ್ಸಿಯಸ್, ಲವಣಾಂಶ 35 ಪಿಪಿಟಿ. ಅಂದರೆ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಉಪ್ಪು. 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ (ಅಷ್ಟೇ ಶುದ್ಧ ನೀರಿಗೆ ಹೋಲಿಸಿದ ತೂಕ) ಸುಮಾರು 1.026. ಹವಳದ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ಬದುಕುತ್ತದೆ, ಹವಳದ ಊಟದ ಬಹುಪಾಲು ಅದರ ದುಡಿಮೆ. ಒಗ್ಗಿದ ಗರಿಷ್ಠಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಿನ ಬಿಸಿ ವಾರಗಟ್ಟಲೆ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ.

ಏಪ್ರಿಲ್‌ನಲ್ಲಿ ಗದಗಿನ ಮಧ್ಯಾಹ್ನ 37–38 ಡಿಗ್ರಿ ಮುಟ್ಟುತ್ತದೆ. ನೀರು ತಣಿಸುವ ಯಂತ್ರ, ಚಿಲ್ಲರ್, ದುಬಾರಿ; ಕರೆಂಟನ್ನೂ ತಿನ್ನುತ್ತದೆ. ಸಣ್ಣ ಟ್ಯಾಂಕಿಗಾದರೆ ನೀರಿನ ಮೇಲ್ಮೈಗೆ ತಿರುಗಿಸಿಟ್ಟ ಫ್ಯಾನೇ ನಮ್ಮ ಕಡೆ ಒಳ್ಳೆಯ ಆಯ್ಕೆ ಎನ್ನುತ್ತೇನೆ. ಹರವಿಯ ನೀರು ತಣ್ಣಗಾಗುವುದೂ ಇದೇ ತತ್ವದಿಂದ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. 100 ಲೀಟರ್ ಟ್ಯಾಂಕನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದದ್ದು ಸುಮಾರು 410 ಕಿಲೋಜೌಲ್. ಹೊರಗಿನ ಬಿಸಿ ಒಳಗೆ ಬಾರದಿದ್ದರೆ ಒಂದೇ ಲೀಟರ್ ಆರಿದಾಗ ಆರು ಡಿಗ್ರಿಯಷ್ಟು ಇಳಿಯಬೇಕು. ಹೊರಗಿನ ಬಿಸಿ ಬರುತ್ತಲೇ ಇರುತ್ತದೆ, ಹಾಗಾಗಿ ಕೈಗೆ ಸಿಗುವುದು ಎರಡು-ಮೂರು ಡಿಗ್ರಿ. ಅಷ್ಟರಿಂದಲೂ ಹವಳ ಉಳಿಯಬಹುದು.

ಇದರ ಬೆಲೆಯನ್ನು ಉಪ್ಪಿನಲ್ಲಿ ತೆರಬೇಕು. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದೇ 100 ಲೀಟರ್ ಟ್ಯಾಂಕಿನಿಂದ ದಿನಕ್ಕೆ 2 ಲೀಟರ್ ಆರುತ್ತದೆ ಅಂದುಕೊಳ್ಳಿ. ಎರಡು ದಿನ ಬಿಟ್ಟರೆ 96 ಲೀಟರ್ ಉಳಿದು ಲವಣಾಂಶ 35 ಹೋಗಿ 36.5 ಆಗುತ್ತದೆ. ಮದುವೆಗೆಂದು ಒಂದು ವಾರ ಊರಿಗೆ ಹೋದರೆ 40 ದಾಟುತ್ತದೆ. ಗಾಬರಿಯಲ್ಲಿ ಒಮ್ಮೆಲೇ ಸಿಹಿನೀರು ಸುರಿಯಬೇಡಿ. ದಿನಕ್ಕೆ ಒಂದು ಪಿಪಿಟಿಯಂತೆ ಇಳಿಸಿ. ಆರಿದ ಜಾಗಕ್ಕೆ ಯಾವಾಗಲೂ ಸಿಹಿನೀರು, ಉಪ್ಪುನೀರಲ್ಲ. ಪರೀಕ್ಷೆಯಲ್ಲಿ ಬರುವ ಪ್ರಶ್ನೆಯಲ್ಲವಾದರೂ ಹೊಸಬರೆಲ್ಲ ಎಡವುವುದು ಇಲ್ಲೇ. ಸಂಪ್ (ಟ್ಯಾಂಕಿನ ಕೆಳಗೆ ಇಟ್ಟ, ನೀರನ್ನು ಪಂಪಿನಿಂದ ಮೇಲೆ ಕಳಿಸುವ ಎರಡನೇ ತೊಟ್ಟಿ) ಇದ್ದರೆ ಮೇಲಿನ ಟ್ಯಾಂಕಿನ ಮಟ್ಟ ಕದಲುವುದಿಲ್ಲ. ಸಂಪಿನಲ್ಲಿ ಪಂಪ್ ಇರುವ ಭಾಗದ ಗಾಜಿಗೆ ಗೆರೆ ಎಳೆದು ಅಲ್ಲಿ ನೋಡಿ.

ಆ ಸಿಹಿನೀರು ಎಲ್ಲಿಂದ? ಬೋರ್ ನೀರು ಬೇಡ. ಅದರ ಗಡಸು ಖನಿಜಗಳೂ ಉಪ್ಪಿನ ಹಾಗೆಯೇ ಆರದೆ ಉಳಿದು ದಿನದಿನಕ್ಕೆ ಕೂಡುತ್ತವೆ; ಗದಗ ಜಿಲ್ಲೆಯ ಹಲವೆಡೆ ಫ್ಲೋರೈಡ್ ಬೇರೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಬರುವ ಮಲಪ್ರಭೆಯ ನೀರು ಮೆದುವಾದರೂ ಕ್ಲೋರಿನ್ ಹಾಕಿದ್ದು. ಆರ್‌ಓ ಮಾಡಿ, ಉಳಿದ ಖನಿಜಗಳನ್ನೂ ಹಿಡಿಯುವ ಡಿಐ ರಾಳದ ಮೂಲಕ ಹಾಯಿಸಿ ಟಿಡಿಎಸ್ (ನೀರಿನಲ್ಲಿ ಕರಗಿದ ವಸ್ತುಗಳ ಒಟ್ಟು ಪ್ರಮಾಣ) ಸೊನ್ನೆಗೆ ತಂದ ನೀರೇ ಸರಿ. ಅಡುಗೆಮನೆಯ ಆರ್‌ಓ ಅನೇಕ ವೇಳೆ ರುಚಿಗೆಂದು ಖನಿಜ ಉಳಿಸುತ್ತದೆ, ಟಿಡಿಎಸ್ ಮೀಟರ್ ಇಟ್ಟು ನೋಡಿ.

"ಕಾರವಾರದಿಂದ ಸಮುದ್ರದ ನೀರನ್ನೇ ತರೋಣಲ್ಲ?" ಎಂದು ಕೇಳುವವರಿದ್ದಾರೆ. ಕಾಳಿ ನದಿ ಅಲ್ಲೇ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಆ ನೀರಿನ ಲವಣಾಂಶ ಬಹಳ ಕೆಳಗಿಳಿಯುತ್ತದೆ. ಸಮುದ್ರದ ಖನಿಜಗಳನ್ನು ಬೆರೆಸಿ ಮಾರುವ ಅಕ್ವೇರಿಯಂ ಉಪ್ಪೇ ವಾಸಿ. ಅಡುಗೆ ಉಪ್ಪಿನಿಂದ ಸಾಂದ್ರತೆ ಬರುತ್ತದೆ, ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬರುವುದಿಲ್ಲ. ಇನ್ನೊಂದು ಮಾತು: ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಕೊಳ್ಳುವ ಮುನ್ನ ಕಾನೂನು ತಿಳಿದುಕೊಳ್ಳಿ.

ಲವಣಾಂಶ ಅಳೆಯಲು ರಿಫ್ರಾಕ್ಟೋಮೀಟರ್ ಇರಲಿ; ನೀರಿನಲ್ಲಿ ಬೆಳಕು ಬಾಗುವುದರಿಂದ ಅದು ಉಪ್ಪನ್ನು ಅಳೆಯುತ್ತದೆ. ಶುದ್ಧ ನೀರಿಗೆ ಸೊನ್ನೆ ತೋರಿಸಿದರೂ 35ರ ಬಳಿ ತಪ್ಪಬಹುದು, ಆದ್ದರಿಂದ 35 ಪಿಪಿಟಿ ದ್ರಾವಣದಿಂದಲೇ ಹೊಂದಿಸಿ. ಸಾಂದ್ರತೆಯನ್ನು ಮುಳ್ಳಿನಿಂದ ತೋರಿಸುವ ಹೈಡ್ರೋಮೀಟರ್‌ನ ಮುಳ್ಳಿಗೆ ಗುಳ್ಳೆ ಅಂಟಿಕೊಂಡರೆ ಉಪ್ಪು ಹೆಚ್ಚೆಂದು ಸುಳ್ಳು ಹೇಳುತ್ತದೆ.

ಜುಲೈನಲ್ಲಿ ಗಾಳಿ ತೇವ, ಫ್ಯಾನ್ ಹೆಚ್ಚು ತಣಿಸದು. ಅಷ್ಟು ಸೆಕೆಯೂ ಇರದು. ಡಿಸೆಂಬರ್ ರಾತ್ರಿ ಧಾರವಾಡದಲ್ಲಿ 15 ಡಿಗ್ರಿಗೂ ಇಳಿಯುವುದರಿಂದ ಹೀಟರ್ ಬೇಕೇ ಬೇಕು. ಹೀಟರ್, ಫ್ಯಾನ್ ಎರಡನ್ನೂ ಒಂದೇ ಥರ್ಮೋಸ್ಟಾಟ್‌ಗೆ ಕೂಡಿಸಿ, ಹೀಟರ್ ಶುರುವಾಗುವ ಉಷ್ಣತೆಗೂ ಫ್ಯಾನ್ ಶುರುವಾಗುವ ಉಷ್ಣತೆಗೂ ನಡುವೆ ಒಂದು ಡಿಗ್ರಿ ಅಂತರ ಬಿಡಿ. ಇಲ್ಲದಿದ್ದರೆ ಒಂದು ಕಾಯಿಸುತ್ತಿರುವಾಗಲೇ ಇನ್ನೊಂದು ತಣಿಸುತ್ತದೆ.

ಬೇಸಿಗೆಯಲ್ಲಿ ಕರೆಂಟ್ ಹೋದರೆ ಬಿಸಿಗಿಂತ ಮೊದಲು ಕಾಡುವುದು ಆಮ್ಲಜನಕ. ಬಿಸಿ ನೀರು ಅದನ್ನು ಕಡಿಮೆ ಹಿಡಿಯುತ್ತದೆ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಧಾರವಾಡದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಇನ್ವರ್ಟರ್‌ನಲ್ಲಿ ಒಂದೇ ಪ್ಲಗ್ಗಿಗೆ ಜಾಗವಿದ್ದರೆ ಲೈಟನ್ನು ಬಿಟ್ಟು, ನೀರನ್ನು ಕಲಕುವ ಪಂಪಿಗೆ ಕೊಡಿ.