ದೇವಶಾಸ್ತ್ರ ಓದಿದವರೆಲ್ಲ ಪಾದ್ರಿಯೇ ಆಗಬೇಕೆ?

ಪ್ರಶ್ನೆ: ಕಾರವಾರದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಕ್ರೈಸ್ತ ದೇವಶಾಸ್ತ್ರ ಓದುವ ಆಸೆ. ‘ಅದನ್ನು ಓದಿ ಹುಡುಗಿಯೊಬ್ಬಳು ಪಾದ್ರಿಯಾಗುತ್ತಾಳೆಯೇ?’ ಎಂದು ಮನೆಯಲ್ಲಿ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಆಗಬಹುದು, ಆಗದೆಯೂ ಇರಬಹುದು. ಅದು ನೀವು ಕ್ರೈಸ್ತರ ಯಾವ ಸಭೆಗೆ, ಅಂದರೆ ಯಾವ ಪಂಗಡದ ಚರ್ಚಿಗೆ, ಸೇರಿದವರು ಎಂಬುದನ್ನು ಅವಲಂಬಿಸಿದೆ. ಅದನ್ನು ನೀವು ಬರೆದಿಲ್ಲ. ಕಾಲೇಜು ಹುಡುಕುವ ಮೊದಲು ಇತ್ಯರ್ಥವಾಗಬೇಕಾದ ಸಂಗತಿಯೇ ಅದು.

ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಹೆಚ್ಚಿನವರು ಕೊಂಕಣಿ ಮಾತನಾಡುವ ಕಥೋಲಿಕರು. ಆ ಸಭೆಯಲ್ಲಿ ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ, ಗಂಡಸರಿಗೆ ಮಾತ್ರ. ಹುಡುಗನಾಗಿದ್ದರೆ ಧರ್ಮಕ್ಷೇತ್ರವೇ (ಬಿಷಪ್ಪರ ಆಡಳಿತ ಪ್ರದೇಶ) ಆರಿಸಿ ಗುರುಮಠಕ್ಕೆ (ಸೆಮಿನರಿ) ಕಳುಹಿಸುತ್ತದೆ. ಮೊದಲು ತತ್ವಶಾಸ್ತ್ರ, ಆಮೇಲೆ ನಾಲ್ಕು ವರ್ಷ ದೇವಶಾಸ್ತ್ರ. ಎಲ್ಲಿ ಓದಬೇಕೆಂಬುದನ್ನೂ ಧರ್ಮಾಧ್ಯಕ್ಷರೇ (ಬಿಷಪ್) ತೀರ್ಮಾನಿಸುತ್ತಾರೆ. ಹಾಗೆಂದು ಹೆಣ್ಣುಮಕ್ಕಳಿಗೆ ಓದಿನ ಬಾಗಿಲು ಮುಚ್ಚಿಲ್ಲ. ಬೆಂಗಳೂರಿನ ಧರ್ಮಾರಾಮ ವಿದ್ಯಾಕ್ಷೇತ್ರದಂಥ ಕಡೆ ಕನ್ಯಾಸ್ತ್ರೀಯರೂ ಶ್ರೀಸಾಮಾನ್ಯರೂ ಓದುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವೇ ಇದೆ.

ಪ್ರೊಟೆಸ್ಟೆಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಮಾತೇ ಬೇರೆ. ಅಲ್ಲಿ ಮಹಿಳೆಯರಿಗೆ ದೀಕ್ಷೆ ಕೊಡತೊಡಗಿ ದಶಕಗಳಾದವು. 2013ರಲ್ಲಿ ಇ. ಪುಷ್ಪಲಲಿತಾ ಆಂಧ್ರದ ನಂದ್ಯಾಲಕ್ಕೆ ಬಿಷಪ್ಪರೇ ಆದರು. ಮನೆಯವರಿಗೆ ಈ ಒಂದು ಹೆಸರು ಹೇಳಿ, ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಈ ದಾರಿಯ ಪದವಿ ಬಿ.ಡಿ., ಅಂದರೆ ಬ್ಯಾಚುಲರ್ ಆಫ್ ಡಿವಿನಿಟಿ. ಅದನ್ನು ಕೊಡುವುದು ಪಶ್ಚಿಮ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್ ಎಂಬ ಮಂಡಳಿ. 1818ರಲ್ಲಿ ಶುರುವಾದ ಆ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಸಿಕ್ಕಿದ್ದು 1827ರಲ್ಲಿ, ಅದೂ ಡೆನ್ಮಾರ್ಕಿನ ರಾಜನಿಂದ! ಆಗ ಆ ಊರು ಡೇನರ ವಸಾಹತು. 1918ರಲ್ಲಿ ಬಂಗಾಳದ ಶಾಸನಸಭೆ ಅದಕ್ಕೆಂದೇ ಕಾಯಿದೆ ಮಾಡಿತು. ನಮಗೆ ಹತ್ತಿರವೆಂದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಅದರ ಬೇರು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ನಿನ 1847ರ ಸೆಮಿನರಿಯಲ್ಲಿದೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದು. ಪದವೀಧರರಿಗೆ ಬಿ.ಡಿ. ನಾಲ್ಕು ವರ್ಷ. ಅರ್ಜಿಯ ಜೊತೆ ನಿಮ್ಮ ಸಭೆಯ ಶಿಫಾರಸು ಪತ್ರ ಕೇಳುತ್ತಾರೆ. ಓದು ಮುಗಿದ ಮೇಲೆ ಕೆಲಸ ಕೊಡುವುದೂ ಸಭೆಯೇ ಆದ್ದರಿಂದ ಆ ಪತ್ರವನ್ನು ಬರೀ ಕಾಗದವೆಂದು ಎಣಿಸಬೇಡಿ.

ಬೈಬಲನ್ನು ಬಾಯಿಪಾಠ ಮಾಡಿಸುತ್ತಾರೆ ಎಂದುಕೊಂಡು ಹೋದವರು ಮೊದಲ ತಿಂಗಳಲ್ಲೇ ಬೆಚ್ಚುತ್ತಾರೆ. ಗ್ರೀಕ್, ಹೀಬ್ರೂ ಅಕ್ಷರಾಭ್ಯಾಸ ಒಂದು ಕಡೆ. ನೂರಾರು ಸಲ ಕೇಳಿದ ಕಥೆಯೇ ಅಪರಿಚಿತವಾಗುವುದು ಇನ್ನೊಂದು ಕಡೆ. ಯೇಸು ಐದು ರೊಟ್ಟಿ, ಎರಡು ಮೀನಿನಲ್ಲಿ ಸಾವಿರಾರು ಜನರಿಗೆ ಉಣಿಸಿದ ಪ್ರಸಂಗ, ಅವನ ಬದುಕನ್ನು ಹೇಳುವ ನಾಲ್ಕೂ ಸುವಾರ್ತೆಗಳಲ್ಲಿದೆ. ನಾಲ್ಕನ್ನೂ ಅಕ್ಕಪಕ್ಕ ಇಟ್ಟು ಓದಿಸುತ್ತಾರೆ. ಜನ ಕುಳಿತ ಹುಲ್ಲು ಹಸಿರಾಗಿತ್ತು ಎಂದು ಹೇಳುವವನು ಮಾರ್ಕ ಮಾತ್ರ. ರೊಟ್ಟಿ ಜವೆಗೋಧಿಯದು, ತಂದವನು ಒಬ್ಬ ಹುಡುಗ ಎನ್ನುವವನು ಯೋಹಾನ. ಉಂಡವರು ಹೆಂಗಸರು, ಮಕ್ಕಳನ್ನು ಬಿಟ್ಟು ಐದು ಸಾವಿರ ಗಂಡಸರು ಎಂದು ಬರೆದವನು ಮತ್ತಾಯ. ಆ ‘ಬಿಟ್ಟು’ ಏಕೆ ಬಂತು ಎಂದು ಕೇಳಿದರೆ ಒಂದು ತರಗತಿ ಸಾಲದು. ನಿಮ್ಮಂಥವರು ಅಲ್ಲಿ ಕುಳಿತಿರಬೇಕು ಎಂದು ನನಗನ್ನಿಸುವುದು ಇದಕ್ಕಾಗಿಯೇ.

ಇನ್ನು ಮಿಷನ್ ಅಧ್ಯಯನ. ಹೆಸರು ಕೇಳಿಯೇ ಮನೆಯವರು ‘ಮತಾಂತರದ ತರಬೇತಿಯೇ?’ ಎಂದು ಗಾಬರಿಯಾಗಬಹುದು. ಅಲ್ಲ. ಮಿಷನ್ನಿನ ಚರಿತ್ರೆಯನ್ನು ಒರೆಗೆ ಹಚ್ಚುವ ವಿಷಯ ಅದು. 1681ರಿಂದ 1684ರವರೆಗೆ ಗೋವೆಯಿಂದ ಬಂದು ಕೆನರಾದಲ್ಲಿ, ಅಂದರೆ ನಮ್ಮ ಈ ಕರಾವಳಿಯಲ್ಲಿ, ಓಡಾಡಿದ ಕಥೋಲಿಕ ಗುರು ಜೋಸೆಫ್ ವಾಜ್ ಅವರ ಕೆಲಸಕ್ಕೂ 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಕೆಲಸಕ್ಕೂ ಅಜಗಜಾಂತರ. ಧರ್ಮಪ್ರಚಾರಕ್ಕೆ ಬಂದವರು 1865ರಲ್ಲಿ ಹಂಚಿನ ಕಾರ್ಖಾನೆ ಏಕೆ ತೆರೆದರು? ಹೊಸ ಸಭೆಗೆ ಸೇರಿದವರು ಜಾತಿಯ ಜೊತೆ ಕುಲಕಸುಬನ್ನೂ ಜಮೀನನ್ನೂ ಕಳೆದುಕೊಳ್ಳುತ್ತಿದ್ದರು. ಅವರ ಹೊಟ್ಟೆಗೆ ದಾರಿ ಬೇಕಿತ್ತು. ಆದರೆ ಉಪದೇಶ ಮಾಡುವವನೇ ಸಂಬಳ ಕೊಡುವ ಯಜಮಾನನಾದರೆ ಏನಾಗುತ್ತದೆ? ಇಂಥ ಪ್ರಶ್ನೆಗಳನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ಎತ್ತುತ್ತಾರೆ. ಧರ್ಮಪ್ರಚಾರದ ಹಕ್ಕು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದ ತೀರ್ಪೂ ಈ ಚರ್ಚೆಯ ಭಾಗವೇ.

ಪಾದ್ರಿಯಾಗದವರು ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚಕರಾಗುತ್ತಾರೆ, ಪಾಠ ಮಾಡುತ್ತಾರೆ, ಅನುವಾದ, ಪ್ರಕಾಶನಗಳಲ್ಲಿ ದುಡಿಯುತ್ತಾರೆ. ಸಂಬಳ ದೊಡ್ಡದಲ್ಲ, ಅದನ್ನು ಮನೆಯವರಿಂದ ಮುಚ್ಚಿಡಬೇಡಿ.

ಒಂದು ಎಚ್ಚರಿಕೆ. ಊರೂರಿಗೆ ‘ಬೈಬಲ್ ಕಾಲೇಜು’ಗಳಿವೆ. ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ನಿನ ಮಾನ್ಯತೆ ಇರುವಲ್ಲಿ ಪಾಠ ಚೆನ್ನಾಗಿರಬಹುದು, ಆದರೆ ಅದು ಸರ್ಕಾರದ ಮಾನ್ಯತೆಯಲ್ಲ. ಮುಂದೆ ಬಿ.ಎಡ್. ಅಥವಾ ಪಿಎಚ್.ಡಿ. ಮಾಡುವ ಯೋಚನೆಯಿದ್ದರೆ ಕೈಯಲ್ಲಿರುವ ಬಿ.ಎ.ಯನ್ನು ಮೊದಲು ಚೆನ್ನಾಗಿ ಮುಗಿಸಿ. ಆ ಕಾಲೇಜಿನ ಪದವಿಯನ್ನು ಒಪ್ಪುತ್ತೀರಾ ಎಂದು ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯವನ್ನೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು, ಆಮೇಲೆ ಶುಲ್ಕ ಕಟ್ಟಿ.