ಆಕ್ಸಿಡೇಟಿವ್ ಡ್ಯಾಮೇಜ್ ಮಾರ್ಕರ್ ಅಂದ್ರೆ ಏನು?

ಡಬ್ಬಿಯ ತಳದಲ್ಲಿ ತಿಂಗಳುಗಟ್ಟಲೆ ಉಳಿದ ಶೇಂಗಾ ಚಟ್ನಿಪುಡಿಗೆ ಕಮಟು ವಾಸನೆ ಬರುತ್ತದೆ, ಅಲ್ವಾ? ಶೇಂಗಾದ ಎಣ್ಣೆಯಂಶ ಗಾಳಿಯ ಆಕ್ಸಿಜನ್ ಜೊತೆ ಸೇರಿ ಕೆಟ್ಟಿರುತ್ತದೆ. ನಮ್ಮ ಜೀವಕೋಶದ ಹೊರಪದರದಲ್ಲೂ ಕೊಬ್ಬಿದೆ. ಅದೂ ಹೀಗೇ ಕೆಡುತ್ತದೆ, ಮ್ಯಾಲಾನ್‌ಡಯಾಲ್ಡಿಹೈಡ್ ಎಂಬ ವಸ್ತುವನ್ನು ಉಳಿಸುತ್ತದೆ. ಹಾನಿ ಆಗಿಹೋದ ಮೇಲೂ ಅಳೆಯಲು ಸಿಗುವ ಇಂಥ ಗುರುತೇ ಆಕ್ಸಿಡೇಟಿವ್ ಡ್ಯಾಮೇಜ್ ಮಾರ್ಕರ್.

ಅನ್ನನಾಳದ ಕ್ಯಾನ್ಸರ್ ವಿಷಯದಲ್ಲಿ ಹೆಚ್ಚು ಕೇಳಿಬರುವ ಮಾರ್ಕರ್ 8-ಒಎಚ್‌ಡಿಜಿ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಗ್ವಾನಿನ್‌ಗೇ ಆಕ್ಸಿಡೇಶನ್, ಅಂದರೆ ಆಕ್ಸಿಜನ್ ಸೇರಿ ಕೆಡುವುದು, ಬೇಗ ತಟ್ಟುವುದು. ಹಾಗೆ ಕೆಟ್ಟ ಗ್ವಾನಿನ್ನಿನ ಗುರುತೇ ಈ 8-ಒಎಚ್‌ಡಿಜಿ. ಬೀಡಿ-ಸಿಗರೇಟಿನ ಹೊಗೆ, ಬಹಳ ದಿನದ ಉರಿಯೂತ ಇದನ್ನು ಹೆಚ್ಚಿಸುತ್ತವೆ. ಕೆಟ್ಟ ಗ್ವಾನಿನ್ ತನ್ನ ಜೋಡಿ ಸೈಟೊಸಿನ್ ಬಿಟ್ಟು ಅಡೆನಿನ್ ಜೊತೆ ಕೂಡಬಹುದು. ಆಗ ನಕಲು ಮಾಡುವಾಗ ಅಕ್ಷರವೇ ಬದಲಾಗುತ್ತದೆ. ಇದನ್ನು ಕಿತ್ತು ಸರಿಮಾಡಲು ಓಜಿಜಿ1 ಎಂಬ ಕಿಣ್ವ ನಮ್ಮಲ್ಲೇ ಇದೆ.

ಅದಕ್ಕೇ ಎಲ್ಲಿ ಅಳೆದರು ಅನ್ನೋದು ಮುಖ್ಯ. ಬಯಾಪ್ಸಿಯಲ್ಲಿ ಗಡ್ಡೆಯಿಂದ ತೆಗೆದ ತುಣುಕಿಗೆ ಬಣ್ಣ ಹಾಕಿ ನೋಡಿದರೆ ಕಾಣುವುದು ಗಡ್ಡೆಯೊಳಗೇ ಉಳಿದ ಹಾನಿ. ಮೂತ್ರದಲ್ಲಿ ಸಿಗುವುದು ಇಡೀ ದೇಹದಿಂದ ಹೊರಬಿದ್ದ ತುಣುಕು. ಅಲ್ಲಿ ಹಾನಿಯೂ ಇದೆ, ದುರಸ್ತಿಯೂ ಇದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ ಅದು ಏರಬಹುದು.

ಇನ್ನು ಪ್ರೊಗ್ನೋಸಿಸ್. ಅಂದರೆ ಕಾಯಿಲೆ ಮುಂದೆ ಹೇಗೆ ಸಾಗಬಹುದು ಎಂಬ ಅಂದಾಜು. ಮಾರ್ಕರ್ ಜಾಸ್ತಿ ಇದ್ದರೆ ದಿನ ಮುಗಿಯಿತು ಅಂತ ಮನೆಯವರು ಎದೆಗುಂದಬಾರದು. ಅಂದಾಜು ಇಡೀ ಗುಂಪಿನದು, ನಿಮ್ಮ ಅಪ್ಪನದೋ ಅವ್ವನದೋ ಅಲ್ಲ. ಹುಬ್ಬಳ್ಳಿಯಲ್ಲಾಗಲಿ ಬೇರೆಲ್ಲೇ ಆಗಲಿ, ವೈದ್ಯರು ಮೊದಲು ನೋಡುವುದು ಗಡ್ಡೆ ಅನ್ನನಾಳದ ಗೋಡೆಯೊಳಗೆ ಎಷ್ಟು ಆಳ ಇಳಿದಿದೆ, ದುಗ್ಧ ಗಂಟುಗಳಿಗೆ (ಲಿಂಫ್ ನೋಡ್) ಮುಟ್ಟಿದೆಯೇ, ದೂರ ಹರಡಿದೆಯೇ ಎಂಬುದನ್ನು. ಚಿಕಿತ್ಸೆ ನಿರ್ಧಾರ ಆಗುವುದೂ ಅದರ ಮೇಲೆ, ರೋಗಿಯ ಶಕ್ತಿಯ ಮೇಲೆ. 8-ಒಎಚ್‌ಡಿಜಿ ಇನ್ನೂ ಸಂಶೋಧನೆಯ ಅಳತೆ. ಆಕ್ಸಿಡೇಶನ್ ತಡೆಯುತ್ತೆ ಅಂತ ಸುಮ್ನೆ ವಿಟಮಿನ್ ಗುಳಿಗೆ ನುಂಗಬೇಡಿ, ಕೀಮೋ ನಡೆಯುವಾಗಂತೂ ವೈದ್ಯರನ್ನು ಕೇಳದೆ ಬೇಡ.

ಮಾರ್ಕರ್‌ಗಿಂತ ಮೊದಲು ಮಾತಾಡುವುದು ಊಟದ ತಾಟು. 'ರೊಟ್ಟಿ ಎದ್ಯಾಗ ನಿಂತಂಗ ಆಗ್ತದ' ಅಂತ ಹಿರಿಯರು ರೊಟ್ಟಿ ಬಿಟ್ಟು ಅಂಬಲಿಗೆ ಇಳಿದಿದ್ದರೆ, ಗ್ಯಾಸ್ ಅಂತ ದಿನ ತಳ್ಳದೆ ಎಂಡೋಸ್ಕೋಪಿ ಮಾಡಿಸಿ.