ರೀಫಂಡ್ ಬಂದಿದೆ ಎಂಬ ಮೇಲ್: ಒತ್ತಲೇ, ಬಿಡಲೇ?

ಪ್ರಶ್ನೆ: ಜುಲೈನಲ್ಲಿ ರಿಟರ್ನ್ಸ್ ಸಲ್ಲಿಸಿದ್ದೆ, ರೀಫಂಡ್ ಬರಬೇಕಿದೆ. ನಿನ್ನೆ ಆದಾಯ ತೆರಿಗೆ ಇಲಾಖೆಯ ಹೆಸರಿನಲ್ಲಿ ಮೇಲ್ ಬಂತು. ಲಾಂಛನ ಇದೆ, ಇಂಗ್ಲಿಷ್ ಶುದ್ಧವಾಗಿದೆ. ‘ರೀಫಂಡ್ ಮಂಜೂರಾಗಿದೆ, 24 ಗಂಟೆಯೊಳಗೆ ಬ್ಯಾಂಕ್ ಖಾತೆ ದೃಢೀಕರಿಸಿ’ ಎಂದು ಕೆಳಗೊಂದು ಬಟನ್. ಮಗ ಒತ್ತಬೇಡ ಅನ್ನುತ್ತಾನೆ. ಆದರೆ ದುಡ್ಡು ನಿಜವಾಗಿಯೂ ಬರಬೇಕಾದದ್ದೇ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಮಗನ ಮಾತು ಕೇಳಿ, ಮೇಡಂ. ಅದು ನಕಲಿ.

ರೀಫಂಡ್ ಹಣ ಬರುವುದು ನೀವು ರಿಟರ್ನ್ಸ್‌ನಲ್ಲಿ ತೋರಿಸಿದ, ಇಲಾಖೆಯ ವೆಬ್ ಪೋರ್ಟಲ್‌ನಲ್ಲಿ ಮೊದಲೇ ಪರಿಶೀಲನೆಯಾದ ಖಾತೆಗೆ. ನೇರವಾಗಿ ಜಮೆಯಾಗುತ್ತದೆ, ನಡುವೆ ಬಟನ್ ಒತ್ತುವ ಕೆಲಸವಿಲ್ಲ. ಪಿನ್, ಪಾಸ್‌ವರ್ಡ್, ಕಾರ್ಡ್ ವಿವರಗಳನ್ನು ಇಲಾಖೆ ಮೇಲ್ ಮೂಲಕ ಕೇಳುವುದೂ ಇಲ್ಲ.

ನಿಮಗೆ ರೀಫಂಡ್ ಬರಬೇಕಿರುವುದು ಮೇಲ್ ಕಳಿಸಿದ ಕಳ್ಳನಿಗೆ ಹೇಗೆ ಗೊತ್ತಾಯಿತು? ಬಹುಮಟ್ಟಿಗೆ ಗೊತ್ತೇ ಇರುವುದಿಲ್ಲ. ರಿಟರ್ನ್ಸ್ ಕಾಲ ನೋಡಿಕೊಂಡು ಒಂದೇ ಮೇಲನ್ನು ಸಾವಿರಾರು ಜನಕ್ಕೆ ಎಸೆದಿರುತ್ತಾನೆ. ರೀಫಂಡ್‌ಗೆ ಕಾಯುತ್ತಿರುವವರಿಗೆ ಮಾತ್ರ ಅದು ತಮಗೇ ಬರೆದ ಪತ್ರದಂತೆ ಕಾಣುತ್ತದೆ. ಮೋಸ ಹೋಗುವವರು ದಡ್ಡರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದೊಮ್ಮೆ ನಮ್ಮ ಆಫೀಸಿನ ಐಟಿಯವರೇ ಪರೀಕ್ಷೆಗೆಂದು ‘ದೀಪಾವಳಿ ಬೋನಸ್ ಪಟ್ಟಿ’ ಎಂಬ ಸುಳ್ಳು ಮೇಲ್ ಕಳಿಸಿದ್ದರು. ಇಂಥದ್ದರ ಬಗ್ಗೆ ಊರಿಗೆಲ್ಲ ಪಾಠ ಹೇಳುವ ನಾನೇ ಮೊದಲ ಹತ್ತು ನಿಮಿಷದಲ್ಲಿ ಒತ್ತಿದ್ದೆ. ಬೋನಸ್ ಬರುವ ವಾರ ಅದು, ಇನ್ನೇನು ಮಾಡಲಿ!

ಆದ್ದರಿಂದ ಮೇಲ್‌ನ ಚಂದ ನೋಡಬೇಡಿ. ಮೊದಲೆಲ್ಲ ಕಾಗುಣಿತದ ತಪ್ಪು ಹುಡುಕಿ ಎನ್ನುತ್ತಿದ್ದರು, ಈಗ ಎಐ ಬಳಸಿ ಕಳ್ಳನೂ ತಪ್ಪಿಲ್ಲದ ಭಾಷೆ ಬರೆಯುತ್ತಾನೆ. ಲಾಂಛನ ಕಾಪಿ ಮಾಡಲು ಅರ್ಧ ನಿಮಿಷ ಸಾಕು. ವೆಬ್ ವಿಳಾಸದ ಪಕ್ಕದ ಬೀಗದ ಗುರುತನ್ನೂ ನೆಚ್ಚಿಕೊಳ್ಳುವಂತಿಲ್ಲ, ಕಳ್ಳನ ಮನೆಗೂ ಬೀಗ ಇರುತ್ತದಲ್ಲ. ಜನ ಅದನ್ನು ತಪ್ಪು ತಿಳಿಯುತ್ತಾರೆಂದೇ ಕ್ರೋಮ್ ಬ್ರೌಸರ್ 2023ರಲ್ಲಿ ಆ ಗುರುತನ್ನು ಬದಲಾಯಿಸಿತು.

ನೋಡಬೇಕಾದದ್ದು ವಿಳಾಸ. ಮೊಬೈಲ್‌ನಲ್ಲಿ ಮೇಲ್ ತೆರೆದರೆ ಮೇಲ್ಗಡೆ ಕಾಣುವುದು ಕಳುಹಿಸಿದವನು ತಾನೇ ಇಟ್ಟುಕೊಂಡ ಹೆಸರು. ನಾನು ಬೇಕಾದರೆ ‘ರಿಸರ್ವ್ ಬ್ಯಾಂಕ್’ ಎಂದೇ ಹಾಕಿಕೊಂಡು ನಿಮಗೆ ಬರೆಯಬಹುದು. ಆ ಹೆಸರಿನ ಮೇಲೆ ಬೆರಳಿಟ್ಟರೆ ಪೂರ್ತಿ ವಿಳಾಸ ಬಿಚ್ಚಿಕೊಳ್ಳುತ್ತದೆ. ಲಿಂಕ್ ಆದರೆ ಬೆರಳನ್ನು ಒತ್ತಿ ಹಿಡಿಯಿರಿ, ಕಂಪ್ಯೂಟರ್‌ನಲ್ಲಾದರೆ ಮೌಸನ್ನು ಅದರ ಮೇಲೆ ತಂದು ಕ್ಲಿಕ್ ಮಾಡದೆ ನಿಲ್ಲಿಸಿ. ಅದು ಎಲ್ಲಿಗೆ ಹೋಗುತ್ತದೆಂದು ಕಾಣುತ್ತದೆ.

ಆ ವಿಳಾಸವನ್ನು ಬಲಗಡೆಯಿಂದ ಓದಬೇಕು. ಅಂಚೆ ವಿಳಾಸದಲ್ಲಿ ಊರು ಕೊನೆಗೆ ಬರುವ ಹಾಗೆ, ಮೇಲ್‌ನಲ್ಲಿ ಒಡೆಯನ ಹೆಸರು ಇರುವುದು ತುದಿಯಲ್ಲಿ. ವೆಬ್ ಲಿಂಕ್ ಆದರೆ ಮೊದಲ ಒಂಟಿ ಓರೆಗೆರೆ (/) ಬರುವ ತನಕದ ಭಾಗ ಮಾತ್ರ ಲೆಕ್ಕ. ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಎಂದು ಮುಗಿದರೆ ಇಲಾಖೆಯದು. ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಡಾಟ್’ ಎಂದು ಮುಂದುವರಿದು ಬೇರೇನೋ ಹೆಸರಿನಲ್ಲಿ ಮುಗಿದರೆ ಅದು ಆ ಬೇರೆಯವನದು. ದೇವಸ್ಥಾನದ ಪಕ್ಕದ ಮನೆ ಎಂದು ಬರೆದ ಮಾತ್ರಕ್ಕೆ ಮನೆ ದೇವಸ್ಥಾನದ್ದಾಗುತ್ತದೆಯೇ? ‘ಗವ್ ಡಾಟ್ ಇನ್’ ಸಿಗುವುದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಬ್ಯಾಂಕುಗಳಿಗೂ ಈಗ ಇಂಥದ್ದೇ ಬಾಲ ಬಂದಿದೆ. 2025ರ ಅಕ್ಟೋಬರ್ 31ರೊಳಗೆ ವೆಬ್‌ಸೈಟ್‌ಗಳನ್ನು ‘ಬ್ಯಾಂಕ್ ಡಾಟ್ ಇನ್’ಗೆ ಬದಲಾಯಿಸಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ ಅವಕ್ಕೆ ಹೇಳಿತ್ತು. ಹಾಗೆಯೇ ಇಂಗ್ಲಿಷಿನ ಆರ್ ಮತ್ತು ಎನ್ ಸಣ್ಣಕ್ಷರಗಳು ಅಂಟಿಕೊಂಡರೆ ಎಮ್‌ನಂತೆ ಕಾಣುತ್ತವೆ. ಕನ್ನಡಕ ಹಾಕಿಕೊಂಡೇ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಕಳುಹಿಸಿದವರ ವಿಳಾಸವನ್ನೇ ನಕಲು ಮಾಡುವವರೂ ಇದ್ದಾರೆ, ಅಸಲಿ ಖಾತೆಯೊಳಗೇ ನುಗ್ಗಿ ಅಲ್ಲಿಂದಲೇ ಬರೆಯುವವರೂ ಇದ್ದಾರೆ. ಹಾಗಾಗಿ ಅಸಲಿಯೋ ನಕಲಿಯೋ ಎಂದು ನೀವು ತೀರ್ಪು ಕೊಡಲೇಬೇಕಾಗಿಲ್ಲ. ಮೇಲ್ ತೋರಿಸಿದ ಬಾಗಿಲಿನಿಂದ ಹೋಗದೆ ನಿಮಗೆ ಗೊತ್ತಿರುವ ಬಾಗಿಲಿನಿಂದ ಹೋದರಾಯಿತು. ಬ್ರೌಸರ್‌ನಲ್ಲಿ ಪೋರ್ಟಲ್ ವಿಳಾಸವನ್ನು ಕೈಯಾರೆ ಟೈಪ್ ಮಾಡಿ, ಲಾಗಿನ್ ಆಗಿ, ಇ-ಫೈಲ್‌ನಡಿ ಸಲ್ಲಿಸಿದ ರಿಟರ್ನ್ಸ್ ತೆರೆದರೆ ರೀಫಂಡ್ ಎಲ್ಲಿಗೆ ಬಂತೆಂದು ಅಲ್ಲೇ ಇರುತ್ತದೆ. ಖಾತೆಯ ತೊಡಕಿನಿಂದ ರೀಫಂಡ್ ನಿಂತುಹೋಗುವುದೂ ಉಂಟು. ಆಗ ಸರ್ವಿಸಸ್‌ನಡಿ ‘ರೀಫಂಡ್ ರೀಇಶ್ಯೂ’ ಇದೆ. ನೋಟಿಸ್ ಎಂದು ಮೇಲ್ ಬಂದರೆ ಅದು ಇಲಾಖೆಯದ್ದೇ ಹೌದೋ ಎಂದು ನೋಡುವ ಸೌಲಭ್ಯವೂ ಆ ಪೋರ್ಟಲ್‌ನಲ್ಲೇ ಇದೆ, ಅದಕ್ಕೆ ಲಾಗಿನ್ ಕೂಡ ಬೇಡ.

ಮಗ ಕೆಲಸಕ್ಕೆ ಹೋಗುವವನಾದರೆ ಈ ಬಾಗಿಲಿನ ಮಾತು ಅವನಿಗೂ ಸಲ್ಲುತ್ತದೆ. ಆಫೀಸಿನ ಮೋಸದ ಮೇಲ್‌ನಲ್ಲಿ ಎಷ್ಟೋ ಸಲ ಲಿಂಕೇ ಇರುವುದಿಲ್ಲ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಬಿಲ್ ಹಣ ಹೊಸದಕ್ಕೆ ಹಾಕಿ’ ಎಂದು ಸರಕು ಕೊಡುವವರ ಹೆಸರಲ್ಲಿ ಎರಡು ಸಾಲು, ಅಷ್ಟೇ. ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಸ್ ಎಂಬಾತ 2013ರಿಂದ 2015ರವರೆಗೆ ತೈವಾನಿನ ಕ್ವಾಂಟಾ ಕಂಪನಿಯ ಹೆಸರಿನಲ್ಲಿ ಸುಳ್ಳು ಬಿಲ್ ಕಳಿಸಿ ಗೂಗಲ್ ಮತ್ತು ಫೇಸ್‌ಬುಕ್‌ಗಳಿಂದ 10 ಕೋಟಿ ಡಾಲರ್‌ಗೂ ಹೆಚ್ಚು ಹಣ ಹಾಕಿಸಿಕೊಂಡ. 2019ರಲ್ಲಿ ಅವನಿಗೆ ಐದು ವರ್ಷ ಜೈಲಾಯಿತು. ಅಂಥ ಕಂಪನಿಗಳ ಅಕೌಂಟ್ಸ್ ವಿಭಾಗವೇ ನಂಬಿದ ಮೇಲೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಅಕೌಂಟೆಂಟನ್ನು ದೂರಿ ಏನು ಪ್ರಯೋಜನ? ಖಾತೆ ಬದಲಾಯಿತು ಎಂದು ಬಂದರೆ ಫೋನ್ ಮಾಡಿ ಕೇಳಬೇಕು. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ, ಹಳೆಯ ಫೈಲಿನಲ್ಲಿರುವ ನಂಬರಿಗೆ. ‘ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡ, ಬೇಗ ಹಣ ಕಳಿಸು’ ಎಂದು ಸಾಹೇಬರ ಹೆಸರಲ್ಲಿ ಬಂದರೂ ಅಷ್ಟೇ. ಫೋನ್ ಮಾಡಿದ್ದಕ್ಕೆ ಸಾಹೇಬರು ಬೈದರೆ ಬೈಸಿಕೊಳ್ಳಲಿ.

ಈಗಾಗಲೇ ಒತ್ತಿಬಿಟ್ಟಿದ್ದರೆ? ಪುಟ ತೆರೆದು ಏನೂ ತುಂಬದೆ ಮುಚ್ಚಿದ್ದರೆ ಸಾಮಾನ್ಯವಾಗಿ ಗಾಬರಿಯಿಲ್ಲ. ಪಾಸ್‌ವರ್ಡ್ ಕೊಟ್ಟಿದ್ದರೆ ತಕ್ಷಣ ಬದಲಾಯಿಸಿ, ಅದನ್ನೇ ಬೇರೆ ಕಡೆ ಇಟ್ಟಿದ್ದರೆ ಅಲ್ಲೂ. ಕಾರ್ಡ್ ವಿವರವನ್ನೋ ಒಟಿಪಿಯನ್ನೋ ಕೊಟ್ಟಿದ್ದರೆ ಮೊದಲು ಬ್ಯಾಂಕಿಗೆ, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಹಾರುವ ಮುನ್ನ ತಡೆಹಿಡಿಯುವ ಸಾಧ್ಯತೆ ಹೆಚ್ಚು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿದ್ದು ಇದು: ಗುಟ್ಟಿನ ವಿವರ ನೀವೇ ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಮನೆಯವರು ಏನಂದಾರೋ ಎಂದು ಒಂದು ರಾತ್ರಿ ಬಾಯಿಮುಚ್ಚಿ ಕೂತರೆ ಆ ರಾತ್ರಿಯ ನಷ್ಟವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ನೀವಿನ್ನೂ ಒತ್ತಿಲ್ಲ, ಒಳ್ಳೆಯದಾಯಿತು. ಆ ಮೇಲನ್ನು ಈಗಲೇ ಅಳಿಸಬೇಡಿ. ವೆಬ್‌ಮ್ಯಾನೇಜರ್ ಆ್ಯಟ್ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಎಂಬ ಇಲಾಖೆಯ ವಿಳಾಸಕ್ಕೆ ಫಾರ್ವರ್ಡ್ ಮಾಡಿ, ಆಮೇಲೆ ಅಳಿಸಿ. ಫಾರ್ವರ್ಡ್ ಮಾಡುವಾಗ ಕೈ ತಪ್ಪಿ ಬಟನ್ ಒತ್ತೀರಿ, ಅದೊಂದು ಕೆಲಸ ಮಗನಿಗೇ ಬಿಡಿ.